ಮೀಸೆ ಬಂದ ಬಂಟಿ

ಕಳೆದುಹೋಗಲು ಒಂದು ಮಗು ಬೇಕಾಗಿತ್ತು. ನೌಪಾಡಾದಲ್ಲಿ ಯಾವ ತಾಯಿಯೂ ಕೊಡಲಿಲ್ಲ.

ಕಾಣೆಯಾದ ಮಕ್ಕಳನ್ನು ಹುಡುಕುವುದು ಹೇಗೆಂದು ಪೊಲೀಸರಿಗೆ ಅಲ್ಲೊಂದು ಬಿಲ್ಡಿಂಗಿನಲ್ಲಿ ತರಬೇತಿ. ಕೊನೆಗೆ ಇನ್‌ಸ್ಪೆಕ್ಟರ್ ಶರ್ಮಿಳಾ ಮೇಡಂ, ರಾತ್ರಿಪಾಳಿ ಮುಗಿಸಿ ಬಂದ ಪೇದೆ ಹೃಷೀಕೇಶನ ಹೆಗಲಿಗೆ ಶಾಲೆಯ ಚೀಲ ಸಿಕ್ಕಿಸಿ, "ನೀನೇ ಬಂಟಿ. ವಯಸ್ಸು ಆರು. ಹೋಗಿ ಅಡಗು" ಎಂದರು. ಬಂಟಿಯ ಎತ್ತರವೂ ಆರಡಿಯೇ. ಮೀಸೆ ಪಾತ್ರೆ ತಿಕ್ಕುವ ಬ್ರಶ್ಶಿನಂತಿತ್ತು. ತಾಯಿಯಾಗಲು ನೆಲಮಹಡಿಯ ಸುಂದರಿಯಕ್ಕ ಒಪ್ಪಿದ್ದರು.

ಹುಡುಕುವ ಸರದಿ ಪೇದೆ ತಾರಾನಾಥನದು. ಅವನ ಮನೆ ನೌಪಾಡಾ, ಡ್ಯೂಟಿ ಬದಲಾಪುರ. ದಿನವೂ ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು ನಿಂತು ಕೊಕ್ಕರೆಯಾಗಿದ್ದ. ಮಧ್ಯಾಹ್ನದೊಳಗೆ ಮಗುವನ್ನು ಹುಡುಕಿಕೊಟ್ಟರೆ ನೌಪಾಡಾದಲ್ಲಿ ಖಾಲಿಯಿರುವ ಜಾಗ ಅವನಿಗೇ ಎಂದು ಮೇಡಂ ಹೇಳಿದ್ದರು.

ಮೊದಲು ಮನೆಯೊಳಗೇ ಹುಡುಕಬೇಕೆಂಬುದು ಮೊದಲ ಪಾಠ. ತಾರಾನಾಥ ಬೂಟು ಕಳಚಿ ಸುಂದರಿಯಕ್ಕನ ಮನೆಯೊಳಗೆ ಬಂದ. ಮಂಚದಡಿ, ಕಪಾಟು, ಅಕ್ಕಿ ಡಬ್ಬವನ್ನೂ ಬಿಡಲಿಲ್ಲ. ಉಳಿದದ್ದು ಪರದೆ ಎಳೆದ ದೇವರ ಕೋಣೆ.

"ಸ್ನಾನ ಆಗಿದೆಯಾ ಮಗಾ?" ಅಕ್ಕ ತಡೆದರು.

"ಆಗಿದೆ ಅಕ್ಕ. ಆದ್ರೆ ಬದಲಾಪುರಕ್ಕೆ ಹೋಗಿ ಹಾಜರಿ ಹಾಕಿ ಲೋಕಲಲ್ಲಿ ಬಂದದ್ದು."

"ಹಾಗಾದ್ರೆ ಹೊರಗಿಂದಲೇ ಕೈ ಮುಗಿ ಮಾರಾಯ."

ಅವನು ಭಕ್ತಿಯಿಂದ ಕೈಮುಗಿದ. ಎಲ್ಲಿಂದಲೋ ಗೊರಗೊರ ಸದ್ದು.

"ಅದೆಂತ ಅಕ್ಕ ಶಬ್ದ?"

"ಫ್ರಿಜ್ಜು. ಹಳತಾಯ್ತಲ್ಲ. ನೀನು ಒಂದು ನೀರುದೋಸೆ ತಿಂದು ಹೋಗು, ಮುಖ ಬಾಡಿದೆ."

ಗೇಟಿನಲ್ಲಿ ವಾಚ್‌ಮನ್ ಸಿದ್ರಾಮನಿಗೆ ಮಗುವಿನ ಗುರುತು ಹೇಳಿದ. "ಆರು ವರ್ಷಕ್ಕ ಅಷ್ಟ್ ಮೀಸೀನ್ರಿ? ಅಂಥಾವನ್ನ ಎತ್ಗೊಂಡ್ ಹೋಗಾಕ ಕ್ರೇನ್ ಬೇಕ್ರಿ ಸಾಹೇಬ್ರ!"

"ಚೀಲ ಹಾಕಿದ ಮೀಸೆಯವ ರೈಲು ಸ್ಟೇಷನ್ ಕಡೆ ಹೋದ!" ಎಂದು ಮೇಲಿನ ಬಾಲ್ಕನಿಯಿಂದ ಜಯಲತಾ ಕೂಗಿದಳು. ತಾರಾನಾಥ ಓಡಿದ, ಇಡೀ ಬಿಲ್ಡಿಂಗೇ ಹಿಂದೆ ಓಡಿತು. ಪ್ಲಾಟ್‌ಫಾರ್ಮಿನಲ್ಲಿ ಶಾಲೆಯ ಚೀಲದವನೊಬ್ಬ ಸಿಕ್ಕಿಯೇಬಿಟ್ಟ. ತಾರಾನಾಥ ಹಿಂದಿನಿಂದ ತಬ್ಬಿಕೊಂಡ.

"ಬಂಟಿ, ಚಲ್! ಮಾ ರೋ ರಹೀ ಹೈ!"

ಮಗ ಮರೆತುಹೋದ ಚೀಲ ಕೊಡಲು ಹೊರಟಿದ್ದ ಆ ಅಪರಿಚಿತ, ತನ್ನ ಅಮ್ಮನೇ ಅಳುತ್ತಿದ್ದಾಳೆಂದು ಗಾಬರಿಯಾಗಿ ಊರಿಗೆ ಫೋನು ಹಚ್ಚಿದ. "ಮಾ, ಕ್ಯೋಂ ರೋ ರಹೀ ಹೋ?" ಎನ್ನುತ್ತ ತಾನೇ ಅತ್ತ. ಜಯಲತಾ ಅವನ ಕೈಗೊಂದು ಪೆಪ್ಪರ್‌ಮಿಂಟ್ ಇಟ್ಟಳು.

ಮಧ್ಯಾಹ್ನ ದಾಟಿತು. ತಾರಾನಾಥ ಬರಿಗೈಯಲ್ಲಿ ಮರಳಿದಾಗ ಮೇಡಂ ಸುಂದರಿಯಕ್ಕನ ಮನೆಯಲ್ಲೇ ಕೂತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಟಿವಿ ನಿಂತಿತು. ಫ್ರಿಜ್ಜು ಮಾತ್ರ ಗೊರಗುಟ್ಟುತ್ತಲೇ ಇತ್ತು.

ಮೇಡಂ ಎದ್ದು ಪರದೆ ಸರಿಸಿದರು. ದೇವರ ಮುಂದೆ, ಚೀಲವನ್ನು ದಿಂಬು ಮಾಡಿಕೊಂಡು, ಅಕ್ಕನ ಶಾಲು ಹೊದ್ದು ಬಂಟಿ ಮಲಗಿದ್ದ.

"ರಾತ್ರಿಯಿಡೀ ನಿದ್ದೆಗೆಟ್ಟ ಹುಡುಗ. ಎಬ್ಬಿಸಲಿಕ್ಕೆ ಮನಸ್ಸು ಬರಲಿಲ್ಲ" ಎಂದರು ಸುಂದರಿಯಕ್ಕ.

"ಅಕ್ಕ, ಇವನಿಗೆ ಸ್ನಾನ ಆಗಿತ್ತಾ?" ತಾರಾನಾಥ ಕೇಳಿದ.

"ಆರು ವರ್ಷದ ಮಗುವಿಗೆ ಎಂತ ಮಡಿ ಮಾರಾಯ!"

ಮೇಡಂ ಮೆಚ್ಚಿ ತಲೆದೂಗಿದರು. "ಊರೆಲ್ಲ ಹುಡುಕಿದರೂ ಸಿಗಲಿಲ್ಲ! ನೌಪಾಡಾದ ಸಂದುಗೊಂದು ಗೊತ್ತಿರುವವನು ಇವನೇ. ಇಲ್ಲಿಯ ಜಾಗ ಹೃಷೀಕೇಶನಿಗೆ." ಬಂಟಿ ಮಗ್ಗುಲು ಬದಲಿಸಿದ. "ತಾರಾನಾಥ್, ಮುಂದಿನ ತಿಂಗಳ ತರಬೇತಿ ಬದಲಾಪುರದಲ್ಲಿ. ಅಲ್ಲಿ ಮಗು ನೀನು."

ತಾರಾನಾಥ ಬೂಟಿನ ದಾರ ಕಟ್ಟುತ್ತ ಮೆಲ್ಲಗೆ ಕೇಳಿದ: "ಅಕ್ಕ, ಬದಲಾಪುರದಲ್ಲಿ ನಿಮ್ಮ ನೆಂಟರು ಯಾರಾದರೂ ಇದ್ದಾರಾ? ದೇವರ ಕೋಣೆ ಸ್ವಲ್ಪ ಉದ್ದ ಇರುವವರು?"