ಸಾಹೇಬರ ನಕ್ಷೆ, ನಮ್ಮ ಮನೆತನ

ಇಲ್ಲಿ ಗಲ್ಫಿನಲ್ಲಿ, ವೆಸ್ಟ್ ಬೇಯ ಇವರ ಆಫೀಸಿನಲ್ಲಿ ಯಾರಾದರೂ ಸೀನಿದರೆ, ಆ ಸುದ್ದಿ ಅಲ್ ರಯ್ಯಾನಿನ ನಮ್ಮ ಮನೆ ಮುಟ್ಟುವಷ್ಟರಲ್ಲಿ ನ್ಯುಮೋನಿಯಾ ಆಗಿರುತ್ತದೆ. ಈ ಸಲ ಬಂದದ್ದು ಹೆಸರಿನ ಸುದ್ದಿ.

೧. ಕೇಳಿದ್ದು ಯಾಕೆ?

ಅಂದು ನಮ್ಮ ಮನೆಯವರು ಶೂ ಕೂಡ ಬಿಚ್ಚದೆ ಕೂತರು.

"ಹೊಸ ಐರಿಶ್ ಮ್ಯಾನೇಜರ್ ಎಲ್ಲರ ಮನೆತನದ ಹೆಸರು ಕೇಳ್ತಿದ್ದಾರೆ ಮಾರಾಯ್ತಿ. ಅದು ಎಲ್ಲಿಂದ ಬಂತು, ಆ ಹೆಸರಿನವರು ಈಗ ಎಲ್ಲೆಲ್ಲಿದ್ದಾರೆ, ಎಲ್ಲ ಬೇಕಂತೆ."

"ಯಾಕಂತೆ?"

"ಕೆಲವರನ್ನು ಊರಿಗೆ ಕಳಿಸ್ತಾರೆ ಅಂತ ಸುದ್ದಿ."

ಇವರ ಕೆಲಸ ಹೋದರೆ ನಮ್ಮೆಲ್ಲರ ವೀಸಾ ಖಲಾಸ್, ಮಗಳ ಶಾಲೆಯೂ ಖಲಾಸ್. ಆದರೂ ನನಗೆ ಅನುಮಾನ.

"ಕೆಲಸದಿಂದ ತೆಗೆಯುವವರು ಐಡಿ ನಂಬರ್ ಕೇಳ್ತಾರೆ. ಮನೆತನ ಕೇಳುವುದು ಹೆಣ್ಣು ನೋಡ್ಲಿಕ್ಕೆ ಬಂದವರು."

"ಅವರಿಗೆ ಅರವತ್ತಾಯ್ತು."

"ಅದಕ್ಕೇ ನೇರ ಕೇಳ್ಲಿಕ್ಕೆ ನಾಚಿಕೆ."

೨. ಜಗತ್ತಿಗೊಬ್ಬನೇ

ಮರುದಿನ ಇನ್ನೊಂದು ಸುದ್ದಿ. ಮ್ಯಾನೇಜರರ ಗೋಡೆಯ ಮೇಲೆ ನಕ್ಷೆ, ನಕ್ಷೆಯ ತುಂಬ ಕೆಂಪು ಪಿನ್ನು, ತಲೆ ಎಣಿಸಿದ ಹಾಗೆ. ಒಂದೇ ಮನೆತನದವರು ಇಬ್ಬರಿದ್ದರೆ ಒಬ್ಬರನ್ನು ಕಳಿಸುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಇವರ ತಾಯಿಯ ತಂಗಿಯ ಮಗನಿಗೂ ಅದೇ ಮನೆತನ, ಅದೇ ಆಫೀಸು, ಪಕ್ಕದ ಕುರ್ಚಿ.

"ಈ ಹೆಸರಿನವನು ಭೂಮಿ ಮೇಲೆ ನಾನೊಬ್ಬನೇ ಅಂತ ಹೇಳಿ," ಎಂದು ಕಲಿಸಿ ಕಳಿಸಿದೆ.

ಇವರು ಹಾಗೇ ಹೇಳಿದರು. ಐದು ನಿಮಿಷ ಬಿಟ್ಟು ಪಕ್ಕದ ಕುರ್ಚಿಯವನೂ ಅದನ್ನೇ ಹೇಳಿದ. ಅವನ ಹೆಂಡತಿಯೂ ನನ್ನಷ್ಟೇ ಬುದ್ಧಿವಂತೆ.

೩. ಊಟಕ್ಕೆ ಬಂದವರು

ಜಗತ್ತಿಗೇ ನಾನೊಬ್ಬನೇ ಎನ್ನುವವರು ಇಬ್ಬರಿರುವ ಮನೆತನವನ್ನು ನೋಡಲೇಬೇಕೆಂದು ಮ್ಯಾನೇಜರ್ ಸಾಹೇಬರು ರಜೆಯ ದಿನ ಶುಕ್ರವಾರ ನಕ್ಷೆ ಹಿಡಿದು ಮನೆಗೇ ಬಂದರು. ಕೋಳಿಸಾರು ಸುರಿದು ಕೋರಿರೊಟ್ಟಿ ಬಡಿಸಿದೆ. ಆಗ ತಿಳಿಯಿತು, ಅವರು ಹುಡುಕುತ್ತಿದ್ದದ್ದು ತಮ್ಮದೇ ಹೆಸರಿನ ಮೂಲವನ್ನು. ಐರ್ಲೆಂಡಿನ ಕಡಲ ಬದಿಯ ಒಂದು ಮೂಲೆಯಲ್ಲಿ ಪಿನ್ನುಗಳ ಗುಂಪು. ಅಲ್ಲಿಂದ ಹಡಗು ಹತ್ತಿ ಅಮೆರಿಕ, ಆಸ್ಟ್ರೇಲಿಯಾ ಸೇರಿದವರು. ಅಪ್ಪ, ಅಜ್ಜ, ಮುತ್ತಜ್ಜ, ಹೀಗೆ ಒಂಬತ್ತು ತಲೆಮಾರು. ನಮ್ಮನ್ನು ಕೇಳಿದ್ದು ಬರೀ ಕುತೂಹಲಕ್ಕಂತೆ.

ನನಗೆ ನಂಬಿಕೆ ಬರಲಿಲ್ಲ. ಇವರಿಗೆ ನಮ್ಮ ಭಾಷೆಯಲ್ಲೇ ಹೇಳಿದೆ, "ಎಲ್ಲ ಗಂಡಸರೇ ಇದ್ದಾರಲ್ಲ, ಅವರನ್ನೆಲ್ಲ ಹೆತ್ತದ್ದು ಯಾರಂತ ಕೇಳಿ. ನಮ್ಮ ತುಳುವರಲ್ಲಿ ಕುಲ ತಾಯಿಯಿಂದ. ಆ ಪ್ರಕಾರ ಸಾಹೇಬರು ಇಷ್ಟು ವರ್ಷ ಹುಡುಕಿದ್ದು ಬೇರೆಯವರ ಮನೆ."

ಇವರು ಬೆವರೊರೆಸಿಕೊಂಡು, "ನಕ್ಷೆ ಬಹಳ ಚಂದ ಇದೆ ಅಂತಾಳೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇಂಗ್ಲಿಷ್ ಶಾಲೆಯ ಮಗಳು ಬಿಡಬೇಕಲ್ಲ. ಅಮ್ಮ ಹೇಳಿದ್ದು ಅದಲ್ಲ ಎಂದು ಎಲ್ಲವನ್ನೂ ಒಪ್ಪಿಸಿದಳು.

ಸಾಹೇಬರು ಮುತ್ತಜ್ಜಿಯ ಹೆಸರು ನೆನಪಿಸಿಕೊಳ್ಳಲು ನೋಡಿದರು. ಬರಲಿಲ್ಲ. ನಕ್ಷೆ ಮಡಚಿ ಎದ್ದರು. "ಭಾನುವಾರ ಆಫೀಸು ತೆರೆದ ಕೂಡಲೇ ನನ್ನ ರೂಮಿಗೆ ಬನ್ನಿ," ಎಂದು ಇವರಿಗೆ ಹೇಳಿ ಹೊರಟರು.

ಎರಡು ದಿನ ಇವರು ಊರಿನ ಟಿಕೆಟಿನ ದರ ನೋಡುತ್ತ ಕಳೆದರು. ಭಾನುವಾರ ಸಂಜೆ ಬಾಗಿಲಲ್ಲೇ ಕೇಳಿದೆ, "ಸೂಟ್‌ಕೇಸ್ ಇಳಿಸ್ಲಾ?"

"ಬೇಡ. ಹೊಸ ನಕ್ಷೆ ತರಿಸಿದ್ದಾರೆ. ಇನ್ನು ಅಜ್ಜಿಯಂದಿರನ್ನು ಹುಡುಕ್ಲಿಕ್ಕುಂಟಂತೆ. ಪಿನ್ನು ಚುಚ್ಚಲು ನಾನೇ ಬೇಕಂತೆ. ಅದು ಮುಗಿಯುವವರೆಗೆ ನನ್ನನ್ನು ಎಲ್ಲಿಗೂ ಕಳಿಸುವುದಿಲ್ಲವಂತೆ."

ಸಾಹೇಬರ ಮೇಲೆ ನನಗೆ ಈಗಲೂ ಅನುಮಾನವೇ.

"ವಾರಕ್ಕೊಂದು ಪಿನ್ನು ಸಾಕು," ಎಂದೆ. "ಅದನ್ನೂ ಆಗಾಗ ತಪ್ಪು ಊರಿಗೆ ಚುಚ್ಚಿ."