ಅಳೋಕೆ ಒಂದು ಹೆಸರು ಬೇಕು

ನನ್ನ ಕೆಲಸವೇ ಅಂಥದ್ದು. ನಗಬೇಕೋ ಅಳಬೇಕೋ ಗೊತ್ತಾಗದಂಥ ಪ್ರಸಂಗ ತಿಂಗಳಿಗೊಂದಾದರೂ ಬಂದೇ ಬರುತ್ತೆ. ರಿಚರ್ಡ್ಸ್ ಟೌನಿನ ಒಂದು ಹಳೇ ಬಂಗಲೆಯಲ್ಲಿ ನಮ್ಮ ಆಫೀಸು. ವಿಶ್ವಸಾಹಿತ್ಯ ಅಂದ್ರೆ ಬರೀ ಪುಸ್ತಕ ಅಲ್ಲ, ಜನರ ಬಾಯಲ್ಲಿರೋದೂ ಸಾಹಿತ್ಯವೇ ಅಂತ ನಮ್ಮ ಪ್ರೊಫೆಸರು ಹೇಳ್ತಾರೆ. ಹೇಳೋದು ಇಂಗ್ಲಿಷಿನಲ್ಲಿ. ಊರೆಲ್ಲ ಸುತ್ತಿ ಹಾಡು ರೆಕಾರ್ಡ್ ಮಾಡಿ ಫಾರಂ ತುಂಬೋಳು ನಾನು. ಶಿವಾಜಿನಗರದವಳು, ಮನೇಲಿ ಆಡೋದು ದಖ್ನಿ ಉರ್ದು. ಫಾರಂನ ಭಾಷೆಗಳ ಪಟ್ಟಿಯಲ್ಲಿ ದಖ್ನಿ ಇಲ್ಲ, ಹಾಗಾಗಿ ನಾನು 'ಇತರೆ'.

೧. ಕಟ್ಟಿದವರು ಯಾರು?

ಮರ್ಫಿ ಟೌನಿನ ಬಾಡಿಗೆ ರೂಮಿನಲ್ಲಿ ರಾಯಚೂರು ಕಡೆಯ ಅಜ್ಜಿಯೊಬ್ಬರಿದ್ದರು. ಮಗ ಗಾರೆ ಕೆಲಸ, ಸೊಸೆ ಮನೆಗೆಲಸ, ಮೊಮ್ಮಗಳು ಕಾಲೇಜು. ಮೊದಲ ದಿನ ಅಜ್ಜಿ ಒಂದು ಬೀಸೋ ಪದ ಹಾಡಿದರು. ನಾನು ಫಾರಂನಲ್ಲಿ 'ಕರ್ತೃ: ಅನಾಮಧೇಯ' ಅಂತ ಬರೆದೆ. ಮೊಮ್ಮಗಳು ಅದನ್ನ ಗಟ್ಟಿಯಾಗಿ ಓದಿಬಿಟ್ಟಳು.

"ಹಂಗಂದ್ರ ಏನಬೇ?"

"ಯಾರು ಕಟ್ಟಿದ್ದು ಅಂತ ಗೊತ್ತಿಲ್ಲ ಅಂತ ಅರ್ಥ, ಅಜ್ಜಿ."

"ನಾ ಇಲ್ಲೇ ನಿನ್ನ ಮುಂದ ಕುಂತೀನಲ್ಲ! ಅರ್ಧ ನಮ್ಮವ್ವ ಕಟ್ಯಾಳ, ಅರ್ಧ ನಾ ಕಟ್ಟೀನಿ."

ಪ್ರೊಫೆಸರಿಗೆ ಫೋನ್ ಮಾಡಿದೆ. ಜಾನಪದಕ್ಕೆ ಕರ್ತೃ ಇರಲ್ಲಮ್ಮ ಅಂದರು. ಅಜ್ಜಿಗೆ ಅದನ್ನೇ ಹೇಳಿದೆ.

"ಅವರ ಪುಸ್ತಕದ ಮ್ಯಾಲ ಅವರ ಹೆಸರೈತೇನು?"

"ಇದೆ."

"ದಪ್ಪಗ?"

"ದಪ್ಪಗೇ ಇದೆ ಅಜ್ಜಿ."

"ಮತ್ತ!"

೨. ಮಾದರಿಗೆ ಒಂದು ಅಳು

ಊರಲ್ಲಿದ್ದಾಗ ಅಜ್ಜಿ ಸಾವಿನ ಮನೆಗಳಿಗೆ ಹೋಗಿ ಹಾಡಿಕೊಂಡು ಅಳ್ತಿದ್ದರಂತೆ. ಸತ್ತವರ ಹೆಸರು ಹಿಡಿದು, ಅವರ ಗುಣ, ಬಿಟ್ಟುಹೋದ ಮಕ್ಕಳು, ಎಲ್ಲ ಅಲ್ಲೇ ಕಟ್ಟಿ ಹಾಡಬೇಕು. ಇದು ಗೊತ್ತಾಗಿದ್ದೇ ಪ್ರೊಫೆಸರು ಖುದ್ದಾಗಿ ಬಂದರು. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಯಾರೂ ಸಾಯದೆ ಆ ಹಾಡು ಹಾಡಬಾರದಂತೆ.

"ಸುಮ್ನೆ ಯಾವುದಾದರೂ ಹೆಸರು ಹಾಕಿ ಹಾಡಿ ಅಮ್ಮಾ, ಸ್ಯಾಂಪಲ್‌ಗೆ."

"ಆತು. ನಿಮ್ಮ ಹೆಸರೇನ್ರಿ ಸಾಹೇಬ್ರ? ಮಕ್ಕಳೆಷ್ಟು?"

ಪಾಪ, ಅವರು ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡು, ಅವರ ಹೆಸರು ಹಿಡಿದು "ಎಲ್ಲಿ ಹೋದ್ಯೋ ನನ್ನಪ್ಪಾ" ಅಂತ ರಾಗ ಎಳೆದದ್ದೇ ತಡ, ಪ್ರೊಫೆಸರು ಎದ್ದು ನಿಂತು ಚಪ್ಪಲಿ ಹುಡುಕತೊಡಗಿದರು.

"ಬೇಡಮ್ಮ, ಬೇಡ. ಬೀಸೋ ಪದವೇ ಸಾಕು!"

೩. ಮುಂಚೆಯೇ ಅತ್ತಿಟ್ಟದ್ದು

ಆರು ತಿಂಗಳಾದ ಮೇಲೆ ಅಜ್ಜಿಗೆ ಉಸಿರಾಟದ ತೊಂದರೆ ಶುರುವಾಯ್ತು. ಒಂದು ದಿನ ನನ್ನೊಬ್ಬಳನ್ನೇ ಕರೆಸಿಕೊಂಡರು.

"ಈ ಊರಾಗ ನನಗ ಹಾಡಿ ಅಳೋರು ಯಾರದಾರ? ಸೊಸಿಗೆ ಬರಂಗಿಲ್ಲ. ಮೊಮ್ಮಗಳಂತೂ ಇಂಗ್ಲಿಷಿನಾಗ ಅಳತಾಳ. ನನ್ನ ಹೆಸರಿಗೆ ನಾನೇ ಹಾಡಿ ಇಡ್ತೀನಿ. ಹಚ್ಚು ನಿನ್ನ ಮಿಷನ್ನು."

"ಹಾಗೆ ಹಾಡಬಾರದು ಅಂದಿದ್ರಲ್ಲ ಅಜ್ಜಿ?"

"ಬ್ಯಾರೇದವರದು ಹಾಡಬಾರದು. ನಂದು, ನನ್ನ ಖುಷಿ."

ಹಾಡಿದರು. ಹುಟ್ಟಿದ ಊರು, ಹೊತ್ತ ಇಟ್ಟಿಗೆ, ಸಣ್ಣದರಲ್ಲೇ ತೀರಿಹೋದ ಮಗಳು. ನನಗೆ ತಡೆಯೋಕಾಗಲಿಲ್ಲ, ಬಾಯಿಬಿಟ್ಟು ಅತ್ತುಬಿಟ್ಟೆ. ಆಮೇಲೆ ಆ ರೆಕಾರ್ಡಿಂಗನ್ನ ಆಫೀಸಿಗೆ ಕೊಡಲೂ ಇಲ್ಲ, ಮನಸ್ಸಾಗದೆ ಇನ್ನೊಂದು ಸಲ ಕೇಳಲೂ ಇಲ್ಲ.

ಮುಂದಿನ ತಿಂಗಳು ಅಜ್ಜಿ ಹೋಗಿಬಿಟ್ಟರು. ರೂಮಿನ ತುಂಬ ಜನ. ಯಾರಿಗೂ ಅಳು ಹೇಗೆ ಶುರುಮಾಡಬೇಕು ಅಂತ ಗೊತ್ತಿಲ್ಲ, ಎಲ್ಲರೂ ನೆಲ ನೋಡ್ಕೊಂಡು ನಿಂತಿದ್ದರು. ಅಷ್ಟೊಂದು ಸಾವಿಗೆ ಹಾಡಿದವರ ಮುಂದೆ ಹೀಗೆ ಮೂಕರಾಗಿ ನಿಲ್ಲಬೇಕಲ್ಲ ಅನ್ನಿಸ್ತು ನನಗೆ. ಮಗನಿಗೆ ರೆಕಾರ್ಡಿಂಗಿನ ವಿಷಯ ಹೇಳಿದೆ. "ಹಚ್ರಿ ಅಕ್ಕಾ" ಅಂದ.

ಹಚ್ಚಿದೆ. ಅಜ್ಜಿಯ ದನಿ ಎದ್ದದ್ದೇ ಸೊಸೆ ಅವರ ಕಾಲ ಮೇಲೆ ಬಿದ್ದಳು. ಪಕ್ಕದ ಮನೆಯ ತಮಿಳು ಹೆಂಗಸರಿಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೂ ಎದೆ ಬಡಿದುಕೊಂಡು ಅತ್ತರು. ಓಣಿಗೆ ಓಣಿಯೇ ಅಳ್ತಿತ್ತು. ಅಷ್ಟರಲ್ಲಿ ಹಾಡು ತಟ್ಟನೆ ನಿಂತು, ರೆಕಾರ್ಡಿಂಗಿನೊಳಗೆ ನಾನು ಗೊಳೋ ಅನ್ನೋದು ಕೇಳಿಸ್ತು. ಅದರ ಹಿಂದೆಯೇ ಅಜ್ಜಿಯ ಗದರಿಕೆ:

"ಏ, ಸುಮ್ಕಿರಬೇ! ನಾ ಇನ್ನೂ ಸತ್ತಿಲ್ಲ!"