ನಾಲ್ಕು ರಾಡು, ಒಂದು ಕೊರವ ಮೀನು

ರವಿವಾರ ಬೆಳಿಗ್ಗೆ ಆರಕ್ಕೆ ತಾರೀಖ ಅಂಗಳಕ್ಕೆ ಬಂದು ನೋಡಿದರೆ, ಅವನ ನಾಲ್ಕನೆಯ ಮೀನಿನ ರಾಡು ಎರಡು ಕಿಟಕಿಗಳ ನಡುವೆ ಅಡ್ಡ ಕೂತು ಆರು ಒದ್ದೆ ಟವೆಲ್ಲು ಹೊತ್ತಿತ್ತು.

"ರುಹಿ, ಇದು ಕೊರವ ಮೀನ ಹಿಡಿಯೋ ರಾಡು," ಅಂದ.

"ಹಿಡದೈತೇನ್ರಿ?" ಅಂತ ಹೆಂಡತಿ ಒಳಗಿನಿಂದ ಕೇಳಿದಳು.

ರಾಡು ತಂದು ಎಂಟು ತಿಂಗಳಾಗಿತ್ತು. ಇಷ್ಟು ದಿನಕ್ಕೆ ಅದು ಹಿಡಿದದ್ದೆಂದರೆ ಈ ಟವೆಲ್ಲುಗಳೇ.

ತಾರೀಖ ಬೆಟಗೇರಿಯವನು. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷೀನು ನಡೆಸುತ್ತಿದ್ದ. ವಾರದ ಆರು ದಿನ ಆ ಮಷೀನು ಅವನ ಕಿವಿಯೊಳಗೆ ಕೂತು ಹಲ್ಲು ಕಡಿಯುತ್ತಿತ್ತು. ಏಳನೆಯ ದಿನ ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯ ದಂಡೆಗೆ ಹೋಗಿ ಕೂತರೆ ಮಾತ್ರ ತನ್ನ ಉಸಿರು ತನಗೆ ಕೇಳಿಸುತ್ತಿತ್ತು. ಆದರೆ ಸುಮ್ಮನೆ ಕೂಡಲು ಐವತ್ತು ಕಿಲೋಮೀಟರ್ ಹೋಗುತ್ತೇನೆ ಅಂದರೆ ಯಾವ ಹೆಂಡತಿ ಕೇಳುತ್ತಾಳೆ. ಅದಕ್ಕೇ ಮೀನು ಅಂದಿದ್ದ. ಮೀನು ಅಂದಮೇಲೆ ರಾಡು ಬಂತು. ಒಂದು ನಾಲ್ಕಾದದ್ದು ಮಾತ್ರ ವೀರುವಿನಿಂದ.

ವೀರು ಎದುರು ಮನೆಯವನು, ಅದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಕೊರಳಲ್ಲಿ ಲಿಂಗ, ಮನೆಯಲ್ಲಿ ತಾಯಿ ಕಳಕವ್ವ. ಹುಟ್ಟಿದಾಗಿನಿಂದ ಮೀನಿನ ವಾಸನೆಯನ್ನೂ ಹತ್ತಿರ ಬಿಟ್ಟುಕೊಂಡವನಲ್ಲ. ಆದರೆ ಮೀನು ಹಿಡಿಯುವ ವಿಡಿಯೋ ಒಂದನ್ನೂ ಬಿಟ್ಟವನಲ್ಲ. ಬೆಂಡು ತೇಲಿಸಿ ಹಿಡಿಯಲು ಉದ್ದನ್ನ ಮೆತ್ತನೆಯ ರಾಡು, ತಳದ ಮೀನಿಗೆ ದಪ್ಪ ರಾಡು, ಚಮಚದಂಥ ಹೊಳೆಯುವ ತಗಡು ಎಸೆಯಲು ಸಣ್ಣ ರಾಡು, ಜೊಂಡಿನೊಳಗೆ ರಬ್ಬರ್ ಕಪ್ಪೆ ಕುಣಿಸಿ ಹಾವುತಲೆಯ ಕೊರವ ಮೀನನ್ನು ಎಳೆಯಲು ಗಿಡ್ಡನೆಯ ಗಟ್ಟಿ ರಾಡು. ಹೀಗೆ ಅವನ ಶಾಸ್ತ್ರ. "ಪಲ್ಯಾ ಹೆಚ್ಚೋ ಈಳಗಿಲೇ ಕಟ್ಟಗಿ ಒಡಿತೀಯೇನಲೇ?" ಎಂದು ಅವನು ಕೇಳಿದರೆ ತಾರೀಖ ಇನ್ನೊಂದು ರಾಡು ಕೊಳ್ಳುತ್ತಿದ್ದ.

ಟವೆಲ್ಲು ತೆಗೆಯುತ್ತ ತಾರೀಖ ಈ ಶಾಸ್ತ್ರವನ್ನೇ ಮತ್ತೊಮ್ಮೆ ಹೇಳಿದ. ರುಹಿ ಬಾಗಿಲಿಗೆ ಬಂದು ನಿಂತಳು.

"ಹೋದ ತಿಂಗಳ ತಂದ ರೋಹು ಮೀನ ಯಾವ ರಾಡಿಗೆ ಬಿದ್ದಿತ್ರಿ?"

"ತಳದ ರಾಡಿಗೆ."

"ಬೀಳೂ ಮುಂದ ತುಂಡ ತುಂಡ ಆಗೇ ಬಿತ್ತೇನು? ಹೆಚ್ಚಿ, ತೊಳದು, ತಲಿ ಬ್ಯಾರೇ ಕಟ್ಟಿತ್ತು."

ಅದು ಕೊರ್ಲಹಳ್ಳಿಯ ಬುಡ್ಡೇಸಾಬನ ಹತ್ತಿರ ಕೊಂಡದ್ದು. ಬುಡ್ಡೇಸಾಬ ಅಭ್ಯಾಸಬಲದಿಂದ ಹೆಚ್ಚಿಬಿಟ್ಟಿದ್ದ. ತಾರೀಖ ಗಡಿಬಿಡಿಯಲ್ಲಿ ಚೀಲ ಬಿಚ್ಚಿ ನೋಡಿರಲಿಲ್ಲ.

"ಇವತ್ತು ಸಂಜಿಗೆ ನಿಮ್ಮ ಕೈಲೇ ಹಿಡದದ್ದು ಒಂದು ಮೀನ ತರ್ರಿ," ಅಂದಳು ರುಹಿ. "ಯಾವ ರಾಡಿಗೆ ಬಿತ್ತು, ಯಾಕ ಅದಕ್ಕ ಬಿತ್ತು, ನನಗ ಖಾತ್ರಿ ಆಗಬೇಕು. ಖಾತ್ರಿ ಆದ್ರ ನಾಕೂ ಇಟಗೋರಿ, ನಾ ಮತ್ತ ಕೇಳಾಂಗಿಲ್ಲ. ಇಲ್ಲಂದ್ರ ಒಂದು ಇಟಗೊಂಡು ಮೂರು ಗುಲಾಬಬಿ ಖಾಲಾನ ಅವರಿ ಬಳ್ಳಿಗೆ."

ಪಕ್ಕದ ಮನೆಯ ಗುಲಾಬಬಿ ಗೋಡೆಯ ಮೇಲಿಂದ ಕತ್ತು ಹಾಕಿದಳು. "ಉದ್ದಂದು ನನಗ ಬೇಕವಾ. ಬಳ್ಳಿ ಭಾಳ ಹಬ್ಬೈತಿ."

ತಾರೀಖ ನಾಲ್ಕೂ ರಾಡು ಹೆಗಲಿಗೆ ಹಾಕಿಕೊಂಡ. ತರುತ್ತೇನೆ ಅಂತ ಬಾಯಲ್ಲಿ ಹೇಳಲಿಲ್ಲ. ಒಳಗೆ ಹೇಳಿಕೊಂಡ.

ವೀರು ಊರ ಹೊರಗಿನ ಪೆಟ್ರೋಲ್ ಪಂಪಿನ ಹತ್ತಿರ ಕಾಯುತ್ತಿದ್ದ. ಓಣಿಯಲ್ಲಿ ಅವನು ತಾರೀಖನ ಗಾಡಿ ಹತ್ತುವಂತಿರಲಿಲ್ಲ. ರವಿವಾರಕ್ಕೊಮ್ಮೆ ಮಗ ಲಕ್ಕುಂಡಿಗೆ ಹೋಗಿ ಗುಡಿ ನೋಡಿ ಬರುತ್ತಾನೆಂದು ಕಳಕವ್ವ ಎರಡು ವರ್ಷದಿಂದ ನಂಬಿದ್ದಳು. ಬೆಳಿಗ್ಗೆ ಬುತ್ತಿಯನ್ನೂ ಕಟ್ಟಿಕೊಡುತ್ತಿದ್ದಳು.

ರಾಡು ಬಿಚ್ಚಿ ಚೀಲಕ್ಕೆ ಹಾಕಿದರೆ ತುದಿ ಹಾಳಾಗುತ್ತದೆಂದು ವೀರು ಎಲ್ಲೋ ನೋಡಿದ್ದ. ಹಾಗಾಗಿ ನಾಲ್ಕನ್ನೂ ನೆಟ್ಟಗೆ ಹಿಡಿದು ಹಿಂದೆ ಕೂತ. ಮುಂಡರಗಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮುದುಕನೊಬ್ಬ ಕೈ ಮುಗಿದು, "ಇದು ಯಾವ ಊರಿನ ನಂದಿಕೋಲ್ರಿ?" ಅಂದ. ವೀರು ಬೇರೆ ದಾರಿ ಕಾಣದೆ ತಿರುಗಿ ಕೈ ಮುಗಿದ.

ದಂಡೆಗೆ ಹೋಗಿ ಮುಟ್ಟಿದಾಗ ಬುಡ್ಡೇಸಾಬ ಆಗಲೇ ಕೂತಿದ್ದ. ಎಪ್ಪತ್ತರ ಮುದುಕ, ಕೈಯಲ್ಲಿ ಒಂದೇ ಒಂದು ಬಿದಿರು. ಪಕ್ಕದ ಬುಟ್ಟಿಯಲ್ಲಿ ನಾಲ್ಕು ಮೀನು.

"ಬಂತಪಾ ಪಲ್ಟನ್," ಅಂದ. "ಇವತ್ತ ಯಾವ ರಾಡಿನ ಪಾಳಿ?"

"ನಾಕರದೂ ಐತಿ, ಚಾಚಾ. ಇವತ್ತ ನಾ ಖಾಲಿ ಕೈಲೇ ಹೋಗಾಂಗಿಲ್ಲ."

"ಹೋಗಬ್ಯಾಡ. ನಾ ಇದ್ದೇನಲ್ಲಾ, ಕೊಡತೇನಿ."

"ನಿನ್ನ ಮೀನ ಬ್ಯಾಡ. ಹೆಚ್ಚಿ ಕೊಟ್ಟು ನನ್ನ ಮರ್ಯಾದಿ ಹೆಚ್ಚಿಬಿಟ್ಟಿ."

ಬುಡ್ಡೇಸಾಬ ನಕ್ಕ. "ಮೀನಿಗೆ ಕಾಣೋದು ಹುಳ ಅಷ್ಟ ತಮ್ಮಾ. ಈ ಕಡಿ ತುದಿಗೆ ಬಿದಿರ ಐತೋ ಬಂಗಾರ ಐತೋ, ಅದಕ್ಕೇನ ಗೊತ್ತು?"

"ಮೀನಿಗೆ ಗೊತ್ತಾಗೂದು ಬ್ಯಾಡ್ರಿ," ಅಂದ ವೀರು. "ಬಿದ್ದ ಮ್ಯಾಲೆ ಮೇಲೆ ತರೋದು ಹೆಂಗ ಅನ್ನೋದು ಪ್ರಶ್ನೆ."

ಮೊದಲು ಬೆಂಡಿನ ರಾಡು. ತಾರೀಖ ಬೀಸಿದ ಗಾಳ ಹೊಳೆಗೆ ಹೋಗದೆ ವೀರುವಿನ ಅಂಗಿಯ ಬೆನ್ನಿಗೆ ಬಿತ್ತು. ಬಿಡಿಸಲು ಅರ್ಧ ತಾಸು. ಆಮೇಲೆ ತಳದ ರಾಡು ಹೊಳೆಯ ತಳದಿಂದ ಒಂದು ಹರಿದ ಚಪ್ಪಲಿ ತಂದಿತು. ಚಮಚದ ರಾಡು ಹೋಗಿ ಬುಡ್ಡೇಸಾಬನ ದಾರವನ್ನು ಸುತ್ತಿಕೊಂಡಿತು; ಮುದುಕ ದೊಡ್ಡ ಮೀನು ಬಿತ್ತೆಂದು ತನ್ನ ಕಡೆ ಎಳೆದ, ತಾರೀಖ ತನ್ನ ಕಡೆ ಎಳೆದ. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಹಿಡಿದಿದ್ದರು.

ಆಗ ವೀರುವಿನ ಫೋನು ರಿಂಗಾಯಿತು. ಕಳಕವ್ವ.

"ಗುಡಿ ಮುಂದ ಅದೇನಿ ಅವ್ವಾ. ಬುತ್ತಿ ಉಂಡೆ."

"ಹುಳ ತೀರ್ಯಾವು, ಇನ್ನೊಂದ ಹಿಡಿ ಕೊಡ್ರಿ," ಅಂತ ಬುಡ್ಡೇಸಾಬ ಕೂಗಿದ.

"ಯಾರಪಾ ಅದು?" ಅಂತ ಕಳಕವ್ವ ಕೇಳಿದಳು.

"ಗೈಡ್ ಅವ್ವಾ," ಅಂದು ವೀರು ಫೋನ್ ಇಟ್ಟ. ಮುಖ ಒಗೆದ ಬಟ್ಟೆಯ ಹಾಗೆ ಬಿಳಚಿತ್ತು.

ಮಧ್ಯಾಹ್ನ ಎರಡಾಯಿತು. ಬುಡ್ಡೇಸಾಬನ ಬುಟ್ಟಿಯಲ್ಲಿ ಒಂಬತ್ತು. ತಾರೀಖನ ಹತ್ತಿರ ಒಂದು ಚಪ್ಪಲಿ. ಹೊಳೆಯಿಂದ ಸ್ವಲ್ಪ ಈಚೆ, ಜೊಂಡು ತುಂಬಿದ ಹೊಂಡವೊಂದಿತ್ತು. ಅದರ ಮಧ್ಯೆ ಏನೋ ಗುಳಕ್ ಅಂತು. ತಾರೀಖ ತಡಮಾಡದೆ ಕೈಯಲ್ಲಿದ್ದ ಚಮಚದ ರಾಡನ್ನೇ ಎಸೆದ.

"ಅದಲ್ಲಲೇ," ಅಂತ ವೀರು ಅನ್ನುವುದರೊಳಗೆ ರಾಡು ಬಾಗಿತು. ಬಾಗುತ್ತ ಬಾಗುತ್ತ ಹೊಸ ಅಳಿಯನ ಹಾಗೆ ನೆಲದವರೆಗೂ ಬಾಗಿತು. ಮೀನು ಅವಸರವಿಲ್ಲದೆ ಜೊಂಡಿನ ಬೇರಿನೊಳಗೆ ಹೊಕ್ಕಿತು. ದಾರ ಟಪ್ ಎಂದು ತುಂಡಾಯಿತು.

"ನಾ ಹೇಳಿದ್ದೆ," ಅಂದ ವೀರು. "ಈಳಗಿಲೇ ಕಟ್ಟಗಿ ಒಡದಿ."

ತಾರೀಖ ನಾಲ್ಕನೆಯ ರಾಡನ್ನು ತೆಗೆದುಕೊಂಡ. ತುದಿಗೆ ರಬ್ಬರ್ ಕಪ್ಪೆ ಕಟ್ಟಿದ. ಬೀಸಿದ, ಎಳೆದ. ಮತ್ತೆ ಬೀಸಿದ. ಬಿಸಿಲು ನೆತ್ತಿಯಿಂದ ಕಿವಿಗೆ ಇಳಿಯಿತು. ವೀರು ಹೇಳುವುದನ್ನು ನಿಲ್ಲಿಸಿದ; ಬುಡ್ಡೇಸಾಬ ನಗುವುದನ್ನು ನಿಲ್ಲಿಸಿದ. ಎಷ್ಟೋ ಹೊತ್ತು ದಂಡೆಯ ಮೇಲೆ ಯಾರ ಸದ್ದೂ ಇರಲಿಲ್ಲ. ತಾರೀಖ ಬಯಸುತ್ತಿದ್ದದ್ದು ಇದನ್ನೇ, ಆದರೆ ಇವತ್ತು ಅದು ಅವನ ಲಕ್ಷ್ಯಕ್ಕೆ ಬರಲಿಲ್ಲ.

ನಾಲ್ಕೂಕಾಲಿಗೆ ನೀರು ಒಡೆಯಿತು. ಕಪ್ಪೆ ಮಾಯವಾಯಿತು. ತಾರೀಖ ಎರಡೂ ಕಾಲು ನೆಲಕ್ಕೆ ಊರಿ ಎಳೆದ. ಗಿಡ್ಡ ರಾಡು ಬಾಗಲಿಲ್ಲ. ಜೊಂಡು ಹರಿಯಿತು, ಬೇರು ಕಿತ್ತುಬಂತು, ಹಸಿರು ಗಂಟಿನ ಜೊತೆ ತೋಳುದ್ದದ ಕೊರವ ಮೀನು ನೀರಿನಿಂದ ಮೇಲೆದ್ದಿತು.

"ಹಿಡೀಲೇ," ಅಂದ ತಾರೀಖ.

ಕೊರಳಲ್ಲಿ ಲಿಂಗವಿದ್ದ ವೀರು ಪ್ಯಾಂಟು ಮಡಚಿ ಮೊಣಕಾಲು ನೀರಿಗೆ ಇಳಿದು, ಜೀವಮಾನದಲ್ಲಿ ಮೊದಲ ಸಲ ಒಂದು ಮೀನನ್ನು ಎರಡೂ ಕೈಯಿಂದ ತಬ್ಬಿಕೊಂಡ. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಮೊದಲೇ ಹೇಳಿಕೊಟ್ಟಂತೆ ಬುಡ್ಡೇಸಾಬ ತಾರೀಖನ ಫೋನಿನಲ್ಲಿ ಫೋಟೋ ತೆಗೆದ.

ಆಮೇಲೆ ಮುದುಕ ಹೊಂಡವನ್ನು ನೋಡಿದ, ತನ್ನ ಬಿದಿರನ್ನು ನೋಡಿದ. "ಈ ಜೊಂಡಿನಾಗಿಂದ ನಂದು ಎತ್ತತಿದ್ದಿಲ್ಲ ತಮ್ಮಾ. ಮುರೀತಿತ್ತು. ನಿಂದು ಖರೆ ಐತಿ."

ಎಂಟು ತಿಂಗಳು ಕೇಳಿದ ಚುಚ್ಚುಮಾತಿಗೆ ಆ ಒಂದು ವಾಕ್ಯ ಸಾಕಾಗಿತ್ತು. ತಾರೀಖ ಖುಷಿಯಿಂದ ಫೋಟೋ ತೆರೆದ. ಗಿಡ್ಡ ರಾಡು ಕಾಣುತ್ತಿತ್ತು, ದಾರ ಕಾಣುತ್ತಿತ್ತು, ಬಾಯಲ್ಲಿ ಕಪ್ಪೆ ಕಚ್ಚಿದ ಮೀನು ಕಾಣುತ್ತಿತ್ತು. ನಟ್ಟನಡುವೆ ಮೊಣಕಾಲು ನೀರಿನಲ್ಲಿ ವೀರು, ಲಗ್ನದ ಕಾರ್ಡಿನ ಅಕ್ಷರದಷ್ಟು ಸ್ಪಷ್ಟ. ತಾರೀಖನ ಮುಖ ಇರಬೇಕಾದಲ್ಲಿ ಬುಡ್ಡೇಸಾಬನ ಹೆಬ್ಬೆರಳು.

"ಇದನ್ನ ಯಾರಿಗೂ ತೋರಸಬ್ಯಾಡಲೇ," ಅಂದ ವೀರು. ನಗು ಆಗಲೇ ಇಳಿದಿತ್ತು. "ಅವ್ವ ನನ್ನ ಮನಿ ಹೊರಗ ಹಾಕತಾಳ."

"ತೋರಸಾಂಗಿಲ್ಲ," ಅಂದ ತಾರೀಖ. ಮೀನೇ ಇರುವಾಗ ಫೋಟೋ ಯಾಕೆ.

ಸಂಜೆ ಓಣಿಗೆ ಬಂದಾಗ ಕಟ್ಟೆಯ ಮೇಲೆ ರುಹಿ, ಗುಲಾಬಬಿ, ಕಳಕವ್ವ ಮೂವರೂ ಕೂತಿದ್ದರು. ಓಣಿಯ ಜಗಳಗಳೆಲ್ಲ ಕಳಕವ್ವನ ಮುಂದೆಯೇ ಮುಗಿಯುವುದು. ಅವಳು ಸುಳ್ಳಾಡಿದ್ದನ್ನು ಯಾರೂ ಕೇಳಿರಲಿಲ್ಲ. ತಾರೀಖ ಮೀನನ್ನು ಇಡಿಯಾಗಿ ರುಹಿಯ ಮುಂದೆ ಇಟ್ಟು, ಜೊಂಡು, ಕಪ್ಪೆ, ತುಂಡಾದ ದಾರ, ಬಾಗದ ರಾಡು, ಎಲ್ಲವನ್ನೂ ಹೇಳಿದ.

ರುಹಿ ಪೂರ್ತಿ ಕೇಳಿದಳು. "ಈ ಸಲ ಹೆಚ್ಚಬ್ಯಾಡ ಅಂತ ಹೇಳಿದ್ರೇನು?"

"ಬಾಯಾಗ ಗಾಳದ ಗಾಯ ಐತಿ ನೋಡು."

"ಬುಡ್ಡೇಸಾಬನೂ ಗಾಳ ಹಾಕೇ ಹಿಡೀತಾನ," ಅಂದಳು ಗುಲಾಬಬಿ.

ತಾರೀಖ ಬುಡ್ಡೇಸಾಬನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಖರೇನ ಅವನ ಹಿಡದಾನವಾ," ಅಂದ ಮುದುಕ.

"ಹೋದ ಸಲನೂ ಹಿಂಗ ಹೇಳಿದ್ರಲ್ಲ ಚಾಚಾ," ಅಂದಳು ರುಹಿ.

"ಹೋದ ಸಲ ಸುಳ್ಳ ಹೇಳಿದ್ದೆ. ಈ ಸಲ ಖರೆ."

ಕಟ್ಟೆಯ ಮೇಲೆ ನಗು ಎದ್ದಿತು. ಗುಲಾಬಬಿ ಎದ್ದು ಉದ್ದದ ರಾಡನ್ನು ಗೇಣಿನಿಂದ ಅಳೆಯತೊಡಗಿದಳು.

ಅಷ್ಟರಲ್ಲಿ ವೀರು ಬೇರೆ ದಿಕ್ಕಿನಿಂದ ನಡೆದು ಬಂದ, ಕೈಯಲ್ಲಿ ಖಾಲಿ ಬುತ್ತಿ ಡಬ್ಬಿ. ತಾರೀಖ ಅವನ ಕಡೆ ನೋಡಿದ. ವೀರು ಮೀನನ್ನು ನೋಡಿದ, ತಾಯಿಯನ್ನು ನೋಡಿದ, ಆಮೇಲೆ ನೆಲ ನೋಡಿದ.

ತಾರೀಖ ಯೋಚಿಸಿದ. ಫೋಟೋದಿಂದ ವೀರುವನ್ನು ಕತ್ತರಿಸಿದರೆ ಉಳಿಯುವುದು ಹೆಬ್ಬೆರಳು. ಕತ್ತರಿಸದಿದ್ದರೆ ಗೆಳೆಯ ಹೋಗುತ್ತಾನೆ. ಗುಲಾಬಬಿ ಏಳನೆಯ ಗೇಣಿಗೆ ಬಂದಿದ್ದಳು. ಖರೆ ಹೇಳಿಯೂ ಸುಳ್ಳುಗಾರನಾಗುವುದು ಅವನಿಂದ ಆಗಲಿಲ್ಲ. ಫೋನನ್ನು ರುಹಿಯ ಕೈಗೆ ಕೊಟ್ಟುಬಿಟ್ಟ.

ರುಹಿ ಫೋಟೋ ನೋಡಿದಳು. ತಲೆ ಎತ್ತಿ ವೀರುವನ್ನು ನೋಡಿದಳು. ಗುಲಾಬಬಿ ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದಳು. ಕಳಕವ್ವ ಕೈ ಚಾಚಿದಳು. "ಕೊಡ ಇಲ್ಲಿ."

ಅವಳು ಚಷ್ಮಾ ಹಾಕಿಕೊಂಡಳು. ಫೋನನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ವೀರು ಖಾಲಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

"ಇಂವ ನನ್ನ ಮಗ ಅಲ್ಲ," ಅಂದಳು ಕಳಕವ್ವ.

"ಯವ್ವಾ, ಛಂದಂಗ ನೋಡ್ರಿ," ಅಂದ ತಾರೀಖ.

"ನೋಡಿದೆ. ನನ್ನ ಮಗ ಲಕ್ಕುಂಡ್ಯಾಗ ಇದ್ದ. ನಾನ ಫೋನ್ ಮಾಡಿದ್ದೆ. ಇಂವ ಯಾವನೋ ಆ ಊರಾಂವ." ಫೋನನ್ನು ರುಹಿಗೆ ತಿರುಗಿ ಕೊಟ್ಟಳು. "ಒಂದ ಮಾರಿ ಹೋಲೋರು ಊರಿಗೊಬ್ರು ಇರತಾರ."

ಕಳಕವ್ವ ಹೇಳಿದಮೇಲೆ ಮುಗಿಯಿತು. ರುಹಿ ಫೋಟೋವನ್ನು ಇನ್ನೊಮ್ಮೆ ನೋಡಿದಳು. "ಹಂಗಾರ ಇದರಾಗ ನಮ್ಮವರ್ಯಾರೂ ಇಲ್ಲ. ಯಾವನೋ ಒಬ್ಬಾಂವ, ಒಂದು ಮೀನ, ಒಂದು ಹೆಬ್ಬಟ್ಟು."

ವೀರು ಒಂದು ದಿನದ ಉಸಿರನ್ನು ಒಮ್ಮೆಲೇ ಬಿಟ್ಟ.

"ಒಂದು ಇಟಗೋರಿ," ಅಂದಳು ರುಹಿ, ಈಗ ಸ್ವಲ್ಪ ಮೆತ್ತಗೆ. "ಯಾವುದು ಬೇಕು?"

ತಾರೀಖ ನಾಲ್ಕನ್ನೂ ನೋಡಿದ. ಒಂದನ್ನು ಇಟ್ಟುಕೊಂಡರೆ, ಒಂದೇ ಸಾಕು ಎಂದು ತಾನೇ ಒಪ್ಪಿದಂತೆ. ಬೆಳಗಿನಿಂದ ಹೊಳೆಯ ದಂಡೆಯ ಮೇಲೆ ಅವನು ಗೆದ್ದದ್ದು ಆ ಮಾತಿನ ವಿರುದ್ಧವೇ.

"ನಾಕೂ ಒಯ್ಯಿರಿ," ಅಂದ.

ಗುಲಾಬಬಿ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ರುಹಿ ಮೀನನ್ನು ಒಳಗೆ ಒಯ್ದಳು. ವೀರು ಮೆಲ್ಲಗೆ ತನ್ನ ಮನೆಯ ಕಡೆ ಜಾರುತ್ತಿದ್ದಾಗ ಕಳಕವ್ವ ಕಟ್ಟೆ ಇಳಿದು, ಚಷ್ಮಾವನ್ನು ಸೆರಗಿನಿಂದ ಒರೆಸುತ್ತ ನಿಂತಳು.

"ತಾರೀಖ, ಬರೋ ಐತಾರದಿಂದ ನಿನಗೂ ಕೆಲಸ ಇಲ್ಲಲ್ಲ?"

"ಇಲ್ರಿ ಯವ್ವಾ."

"ಹಂಗಾರ ನಮ್ಮ ಕೂಡ ಲಕ್ಕುಂಡಿಗೆ ಬಾ. ನಾನೂ ಬರತೇನಿ. ಅಲ್ಲಿ ಭಾಳ ಗುಡಿ ಅದಾವಂತ. ಐತಾರಕ್ಕ ಒಂದೊಂದು ನೋಡೂಣು. ಎಲ್ಲಾನೂ ವೀರು ಹೇಳತಾನ, ಎರಡು ವರ್ಸ ನೋಡ್ಯಾನ."

ವೀರು ನಿಂತ. "ಅವ್ವಾ, ಅಲ್ಲಿ ಬಿಸಲು ಭಾಳ ಇರತೈತಿ."

ಕಳಕವ್ವ ಮಗನ ಮುಖ ನೋಡಿದಳು. ಫೋಟೋವನ್ನು ನೋಡಿದಷ್ಟೇ ಹೊತ್ತು ನೋಡಿದಳು. "ಮೊಣಕಾಲತನಾ ನೀರಾಗ ನಿಂತ್ರ," ಅಂದಳು, "ಬಿಸಲು ಅಷ್ಟೇನ ಹತ್ತಾಂಗಿಲ್ಲ ತಗೋ."